ಅಪ್ಪ-ಅಮ್ಮನ ಜೊತೆ ಕಾಲೇಜು ನೋಡಲು ದಾವಣಗೆರೆಗೆ ಬರುತ್ತಿದ್ದೀರಾ?

ದಾವಣಗೆರೆಯಲ್ಲಿ ಮನೆ ಇದ್ದವರಿಗೆ ಮೇ, ಜೂನ್ ಅಂದರೆ ನೆಂಟರ ಕಾಲ. ಮದುವೆಗೆ ಬರುವವರಲ್ಲ, ಕಾಲೇಜಿಗೆ ಬರುವವರು. ಜಗಳೂರಿನಿಂದ ಒಬ್ಬರು, ಹೊಸದುರ್ಗದಿಂದ ಒಬ್ಬರು, ಮೊಳಕಾಲ್ಮೂರಿನಿಂದ ಇಬ್ಬರು. ಒಂದು ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಪ್ಲಾಸ್ಟಿಕ್ ಫೈಲು, ಇನ್ನೊಂದರಲ್ಲಿ ನಮಗೆಂದು ತಂದ ತೆಂಗಿನಕಾಯಿ ಚೀಲ. ನಾನು ಇಲ್ಲಿ ಆಡಿಟರ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ಪಾಠ ಮಾಡುವವಳಲ್ಲ. ಆದರೂ 'ಊರಲ್ಲೇ ಇದ್ದೀಯಲ್ಲ, ಸ್ವಲ್ಪ ತೋರಿಸು' ಎಂದವರನ್ನೆಲ್ಲ ಕರೆದುಕೊಂಡು ಸುತ್ತಿ ಸುತ್ತಿ ಈ ವಿಷಯದಲ್ಲಿ ಒಂದಿಷ್ಟು ಪಳಗಿದ್ದೇನೆ.

ನಾನು ಕಂಡಂತೆ ಬಹಳ ಜನ ಕಾಲೇಜು ನೋಡುವುದೇ ಇಲ್ಲ. ಕಾಲೇಜಿನ ಆಫೀಸು ನೋಡಿ ಬಸ್ ಹತ್ತುತ್ತಾರೆ. ಎ.ಸಿ. ರೂಮು, ಬಣ್ಣದ ಪುಸ್ತಕ, ಒಂದು ಕಪ್ ಕಾಫಿ, ನಗುಮುಖದ ಮೇಡಂ. ಇಡೀ ಕ್ಯಾಂಪಸ್ಸಿನಲ್ಲಿ ನಿಮ್ಮ ಮಗಳು ನಾಲ್ಕು ವರ್ಷದಲ್ಲಿ ಅತಿ ಕಡಿಮೆ ಹೊತ್ತು ಕಳೆಯುವ ಜಾಗ ಅದು. ನೋಡಬೇಕಾದ್ದು ಉಳಿದದ್ದನ್ನ.

ಯಾವಾಗ ಬರಬೇಕು

ಭಾನುವಾರ ಬೇಡ. ಅಪ್ಪನಿಗೆ ಬಿಡುವು ಇರುವುದು ಭಾನುವಾರವೇ, ಗೊತ್ತು. ಆದರೆ ಆವತ್ತು ನಿಮಗೆ ಕಾಣುವುದು ಕಟ್ಟಡ ಮತ್ತು ವಾಚ್‌ಮನ್ ಇಬ್ಬರೇ. ಕೆಲಸದ ದಿನ, ಬೆಳಗ್ಗೆ ಹತ್ತರ ಹೊತ್ತಿಗೆ ಗೇಟಿನ ಒಳಗಿರುವ ಹಾಗೆ ಹೊರಡಿ.

ಇನ್ನೂ ಒಳ್ಳೆಯ ಸಮಯ ಒಂದಿದೆ, ಯಾರೂ ಬಳಸಿಕೊಳ್ಳುವುದಿಲ್ಲ. ಸೆಕೆಂಡ್ ಪಿಯುಸಿಯ ದಸರಾ ರಜೆ. ಪಿಯು ಹುಡುಗರಿಗೆ ಸುಮಾರು ದಿನ ರಜೆ ಇರುತ್ತದೆ. ಎಂಜಿನಿಯರಿಂಗ್, ಡಿಗ್ರಿ ಕಾಲೇಜುಗಳು ಹಬ್ಬದ ಎರಡು ಮೂರು ದಿನ ಬಿಟ್ಟರೆ ಸಾಮಾನ್ಯವಾಗಿ ನಡೆಯುತ್ತಿರುತ್ತವೆ. ಸಿಇಟಿ ರಿಸಲ್ಟ್ ಬಂದ ಮೇಲೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ಆಗ ಸೀನಿಯರ್‌ಗಳು ಪರೀಕ್ಷೆ, ರಜೆ ಅಂತ ಚದುರಿರುತ್ತಾರೆ, ಹಾಸ್ಟೆಲ್ ಖಾಲಿ ಇರುತ್ತದೆ, ಆಫೀಸಿನವರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ನಮ್ಮೂರಿನ ಮೇ ತಿಂಗಳ ಬಿಸಿಲಿನ ಬಗ್ಗೆ ನಾನು ಹೇಳಬೇಕಾಗಿಲ್ಲ.

ಬಸ್ಸು ಹತ್ತುವ ಮುಂಚೆ

ಮೊದಲು ಮನೆಯಲ್ಲೇ ಒಂದು ಮಾತು ಮುಗಿಸಿಕೊಳ್ಳಿ. ಮಗು ಏನು ಓದಬೇಕು ಅಂತಿದೆ? ಇದನ್ನು ಕೇಳದೇ ಹೊರಟ ಮನೆಗಳೇ ಜಾಸ್ತಿ. ಎರಡು ವರ್ಷದ ಹಿಂದೆ ನಮ್ಮಣ್ಣ, ಅತ್ತಿಗೆ ಮಗಳನ್ನು ಕರೆದುಕೊಂಡು ಬಂದಿದ್ದರು. ಮೊದಲ ಕಾಲೇಜಿನ ಆಫೀಸಿನಲ್ಲಿ ಮೇಡಂ ಹುಡುಗಿಯನ್ನೇ ನೋಡಿ ಕೇಳಿದರು: "ಯಾವ ಬ್ರಾಂಚ್ ಬೇಕಮ್ಮ?" ಅಣ್ಣ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕಂಪ್ಯೂಟರ್ ಸೈನ್ಸ್ ಮೇಡಂ" ಅಂದ. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಹೊರಗೆ ಬಂದು ನೀರು ಕುಡಿಯುವಾಗ ನನ್ನ ಕಿವಿಯಲ್ಲಿ ಹೇಳಿದಳು: "ಅತ್ತೆ, ನನಗೆ ಸಿವಿಲ್ ಇಷ್ಟ. ಅಪ್ಪಾಜಿಗೆ ನೀವೇ ಹೇಳಿ." ಬೆಳಗ್ಗೆ ಆರಕ್ಕೆ ಎದ್ದು, ಎರಡು ಬಸ್ ಬದಲಿಸಿ ಬಂದಿದ್ದರು. ಅಷ್ಟು ದಾರಿಯಲ್ಲಿ ಆ ಮಾತು ಬಂದೇ ಇರಲಿಲ್ಲ.

ಆಮೇಲೆ ಫೋನ್ ತೆಗೆದು ಮೂರು ವಿಷಯ ನೋಡಿಕೊಳ್ಳಿ.

ಒಂದು, ಆ ಬ್ರಾಂಚಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಅನುಮೋದನೆ ಇದೆಯಾ, ಎಷ್ಟು ಸೀಟಿಗೆ ಇದೆ. ಅನುಮೋದನೆ ಪತ್ರ ಕಾಲೇಜಿನ ವೆಬ್‌ಸೈಟಿನಲ್ಲೇ ಇರಬೇಕು. ಎರಡು, ಎನ್‌ಬಿಎ ಮಾನ್ಯತೆ. ನ್ಯಾಕ್, ಎನ್‌ಬಿಎ ಎರಡೂ ಗುಣಮಟ್ಟ ಅಳೆಯುವ ಸಂಸ್ಥೆಗಳು. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಕೊಡುವುದು, ಎನ್‌ಬಿಎ ಒಂದೊಂದು ಕೋರ್ಸಿಗೆ ಬೇರೆ ಬೇರೆ ಕೊಡುವುದು. ಗೇಟಿನ ಮೇಲೆ 'ಎನ್‌ಬಿಎ ಮಾನ್ಯತೆ' ಎಂದು ದೊಡ್ಡದಾಗಿ ಬರೆದಿದ್ದರೂ ಅದು ಮೆಕ್ಯಾನಿಕಲ್‌ಗೆ ಇದ್ದು ನಿಮಗೆ ಬೇಕಾದ ಬ್ರಾಂಚಿಗೆ ಇಲ್ಲದೇ ಇರಬಹುದು. ಯಾವ ವರ್ಷದವರೆಗೆ ಅನ್ನೋದನ್ನೂ ನೋಡಿ. ಮೂರು, ಪರೀಕ್ಷೆ ನಡೆಸಿ ಡಿಗ್ರಿ ಕೊಡುವವರು ಯಾರು. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜಾ, ತನ್ನ ಪರೀಕ್ಷೆ ತಾನೇ ನಡೆಸುವ ಸ್ವಾಯತ್ತ ಕಾಲೇಜಾ, ಖಾಸಗಿ ವಿಶ್ವವಿದ್ಯಾಲಯವಾ? ಮೂರರಲ್ಲೂ ಫೀಸು, ಪರೀಕ್ಷೆಯ ಲೆಕ್ಕಾಚಾರ ಬೇರೆ ಬೇರೆ.

ಒರಿಜಿನಲ್ ಸರ್ಟಿಫಿಕೇಟ್ ತರಬೇಡಿ. ಸುಮ್ನೆ ನೋಡಲು ಬರುವವರಿಗೆ ಅದು ಯಾಕೆ? ಮಾರ್ಕ್ಸ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ರ‍್ಯಾಂಕ್ ಬಂದಿದ್ದರೆ ಅದರ ಪ್ರತಿ, ಇಷ್ಟರ ಜೆರಾಕ್ಸ್ ಸಾಕು. ಒರಿಜಿನಲ್ ಬೀರುವಿನಲ್ಲಿ ಇದ್ದಷ್ಟು ದಿನ ಯಾರೂ ಅದನ್ನು 'ಇಲ್ಲೇ ಇಟ್ಟು ಹೋಗಿ, ಸೀಟು ಹಿಡಿದಿಡ್ತೀವಿ' ಅನ್ನಲು ಬರುವುದಿಲ್ಲ.

ಒರಿಜಿನಲ್ ತರಬೇಕಾದ್ದು ಒಂದೇ, ಅಮ್ಮ ಮತ್ತು ಮಗಳ ಆಧಾರ್ ಕಾರ್ಡ್. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಅವರಿಬ್ಬರಿಗೂ ಟಿಕೆಟ್ ದುಡ್ಡಿಲ್ಲ, ಅಪ್ಪನಿಗೆ ಮಾತ್ರ. ನಮ್ಮ ಕಡೆ ಖಾಸಗಿ ಬಸ್ಸು ಜಾಸ್ತಿ, ಅದರಲ್ಲಿ ಇದು ನಡೆಯುವುದಿಲ್ಲ.

ದಿನಕ್ಕೆ ಎರಡೇ ಕಾಲೇಜು

ಮೂರನೆಯದಕ್ಕೆ ಹೋಗುವ ಹೊತ್ತಿಗೆ ಅಮ್ಮನ ಕಾಲು, ಅಪ್ಪನ ತಾಳ್ಮೆ ಎರಡೂ ಮುಗಿದಿರುತ್ತವೆ. ಒಂದೇ ಕಡೆ ಬೀಳುವಂಥವನ್ನು ಜೋಡಿ ಮಾಡಿಕೊಳ್ಳಿ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಹದಡಿ ರಸ್ತೆಯಲ್ಲಿದೆ. 1951ರಲ್ಲಿ ಶುರುವಾದದ್ದು, ಈಗ ವಿಟಿಯುವಿನ ಘಟಕ ಕಾಲೇಜು, ಅಂದರೆ ವಿಶ್ವವಿದ್ಯಾಲಯವೇ ನಡೆಸುವುದು. 1979ರ ಬಿಐಇಟಿ, ಅದೂ ಎಂಜಿನಿಯರಿಂಗ್ ಕಾಲೇಜೇ, ಶಾಮನೂರು ರಸ್ತೆಯಲ್ಲಿದೆ. ಇವೆರಡನ್ನು ಒಂದೇ ದಿನ ನಿಧಾನಕ್ಕೆ ನೋಡಬಹುದು. ಊರ ಹೊರಗಿನ ಕಾಲೇಜುಗಳಿಗೆ ಹೋಗುವುದಾದರೆ ಆಟೋ ಬೇಡ, ಸಿಟಿ ಬಸ್ಸಿನಲ್ಲೇ ಹೋಗಿ. ಮಗು ದಿನಾ ಹೋಗುವುದು ಅದರಲ್ಲೇ ಅಲ್ವಾ? ಎಷ್ಟು ಹೊತ್ತು ಕಾದಿರಿ, ಇಳಿದ ಮೇಲೆ ಎಷ್ಟು ನಡೆದಿರಿ, ಗಡಿಯಾರ ನೋಡಿ ಬರೆದುಕೊಳ್ಳಿ.

ಬಿ.ಎ., ಬಿ.ಕಾಂ., ಬಿ.ಎಸ್ಸಿ. ಅನ್ನುವವರಿಗೆ ಇಷ್ಟು ತಲೆನೋವಿಲ್ಲ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಡಿಗ್ರಿ ಕಾಲೇಜುಗಳು 2009ರಲ್ಲಿ ಆದ ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರಿದವು. ಪರೀಕ್ಷೆ ಒಂದೇ, ಡಿಗ್ರಿ ಒಂದೇ. ಮನೆಗೆ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ನಿಮ್ಮ ವಿಷಯಕ್ಕೆ ಕಾಯಂ ಮೇಷ್ಟ್ರು ಇದ್ದಾರಾ ಅಂತ ಮೊದಲು ವಿಚಾರಿಸಿ. ಇದ್ದರೆ ಅಷ್ಟು ದೂರದಿಂದ ಇಲ್ಲಿಗೆ ಯಾಕೆ ಬರಬೇಕು? ಮೆಡಿಕಲ್, ನರ್ಸಿಂಗ್ ನೋಡುವವರು ಕಾಲೇಜಿಗಿಂತ ಮೊದಲು ಅದರ ಆಸ್ಪತ್ರೆಗೆ ಹೋಗಿ ಬೆಳಗ್ಗೆ ಹೊರರೋಗಿ ವಿಭಾಗದ ಮುಂದೆ ಅರ್ಧ ಗಂಟೆ ಕೂರಿ. ರೋಗಿಗಳ ಸಾಲು ಎಷ್ಟುದ್ದ ಇದೆಯೋ ಕಲಿಯಲು ಅಷ್ಟು ಸಿಗುತ್ತದೆ.

ಗೇಟಿನಿಂದ ನೇರ ಆಫೀಸಿಗೆ ಹೋಗಬೇಡಿ

ಅಣ್ಣ, ಅತ್ತಿಗೆ ಬಂದ ಆ ದಿನ ಮಧ್ಯಾಹ್ನದ ಎರಡನೇ ಕಾಲೇಜಿನಲ್ಲಿ ನಾನು ಕ್ರಮ ಬದಲಿಸಿದೆ. ವಾಚ್‌ಮನ್ ಹತ್ತಿರ ಹೆಸರು ಬರೆದು, "ಡಿಪಾರ್ಟ್‌ಮೆಂಟ್ ನೋಡ್ಕೊಂಡು ಆಮೇಲೆ ಆಫೀಸಿಗೆ ಹೋಗ್ತೀವಿ" ಅಂದೆ. ಬಿಟ್ಟರು. ಬಿಡದಿದ್ದರೆ ಆಫೀಸಿಗೆ ಹೋಗಿ ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಕಳಿಸಿ ಅಂತ ಕೇಳಿ. ಮೇಷ್ಟ್ರನ್ನಲ್ಲ, ವಿದ್ಯಾರ್ಥಿಯನ್ನ.

ಡಿಪಾರ್ಟ್‌ಮೆಂಟಿನ ಬಾಗಿಲಲ್ಲಿ ಮೇಷ್ಟ್ರುಗಳ ಹೆಸರಿನ ಬೋರ್ಡ್ ಇರುತ್ತದೆ. ಎಣಿಸಿ. ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗೆ ಒಬ್ಬ ಮೇಷ್ಟ್ರು. ವರ್ಷಕ್ಕೆ 60 ಸೀಟಿನ ಬ್ರಾಂಚ್ ಅಂದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, ಅಂದಾಜು 12 ಜನ ಬೇಕು. ಬೋರ್ಡಿನಲ್ಲಿ ಆರು ಹೆಸರಿದ್ದು, ಅದರಲ್ಲೂ ಎರಡರ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಏನರ್ಥ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೊಸದಾಗಿ ಶುರುವಾದ ಎಐ, ಡೇಟಾ ಸೈನ್ಸ್ ಬ್ರಾಂಚುಗಳಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಿ. ಒಂದು ಬ್ಯಾಚಾದರೂ ಓದು ಮುಗಿಸಿ ಹೊರಗೆ ಹೋಗಿದೆಯಾ ಅಂತಲೂ ಕೇಳಿ.

ಇನ್ನು ಲ್ಯಾಬು. ನಾವು ಸಿವಿಲ್ ವಿಭಾಗದ ಕಾಂಕ್ರೀಟ್ ಲ್ಯಾಬಿಗೆ ಹೋದೆವು. ಮೂಲೆಯಲ್ಲಿ ಒಂದು ನೀರಿನ ತೊಟ್ಟಿ. ಅದರಲ್ಲಿ ಒಂದು ಗೇಣೂ ಇಲ್ಲದ ಚೌಕದ ಕಾಂಕ್ರೀಟ್ ಕ್ಯೂಬ್‌ಗಳು ಮುಳುಗಿದ್ದವು. ಒಂದೊಂದರ ಮೇಲೂ ಬಣ್ಣದಲ್ಲಿ ತಾರೀಖು, ಬ್ಯಾಚ್ ನಂಬರ್. ಅಣ್ಣ ಅಲ್ಲಿವರೆಗೆ ಬಾಗಿಲಲ್ಲೇ ನಿಂತಿದ್ದವನು ಒಳಗೆ ಬಂದು ತೊಟ್ಟಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಊರಲ್ಲಿ ಅವನು ಮನೆ ಕಟ್ಟಿಸುವಾಗ ಮೂರು ವಾರ ತಾನೇ ಪೈಪ್ ಹಿಡಿದು ಗೋಡೆಗೆ, ಆರ್‌ಸಿಸಿಗೆ ನೀರು ಹೊಡೆದಿದ್ದ. "ಇದನ್ನ ಎಷ್ಟು ದಿನ ನೆನೆಸ್ತೀರಪ್ಪಾ?" ಅಂತ ಅಲ್ಲಿದ್ದ ಹುಡುಗನನ್ನು ಕೇಳಿದ. ಹುಡುಗ ಏಳು ದಿನಕ್ಕೆ ಕೆಲವು, ಇಪ್ಪತ್ತೆಂಟು ದಿನಕ್ಕೆ ಕೆಲವು ತೆಗೆದು ಮಷಿನ್ನಿನಲ್ಲಿ ಇಟ್ಟು ಒಡೆಯುತ್ತೇವೆ, ಎಷ್ಟು ಭಾರಕ್ಕೆ ಒಡೆಯಿತು ಅನ್ನೋದರಿಂದ ಗಟ್ಟಿ ಎಷ್ಟು ಅಂತ ಗೊತ್ತಾಗುತ್ತದೆ ಅಂದ. ಮಗಳು ಪಕ್ಕದಲ್ಲಿ ಬಂದು ನಿಂತು ಮಷಿನ್ನಿನ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿದಳು. ಆ ದಿನ ಅವಳ ಬಾಯಿಂದ ಬಂದ ಮೊದಲ ಪ್ರಶ್ನೆಗಳು.

ನಾನು ನೋಡಿದ್ದು ತಾರೀಖನ್ನ. ಹಿಂದಿನ ವಾರದ್ದಿತ್ತು. ಅಂದರೆ ಈ ಲ್ಯಾಬು ನಡೆಯುತ್ತಿದೆ. ಪ್ರತಿ ಲ್ಯಾಬಿನಲ್ಲೂ ಇಂಥ ಒಂದು ಗುರುತು ಸಿಗುತ್ತದೆ. ಮಷಿನ್ ಹಿಡಿಯ ಮೇಲೆ ಧೂಳು ಇದೆಯೋ, ಕೈ ಉಜ್ಜಿ ಹೊಳಪು ಬಂದಿದೆಯೋ? ಗೋಡೆಯ ವೇಳಾಪಟ್ಟಿ ಯಾವ ವರ್ಷದ್ದು? ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಸಾಲು ಪೂರ್ತಿ ಆನ್ ಆಗುತ್ತದಾ? ಹಿಂದೊಮ್ಮೆ ಬೇರೆ ಕಾಲೇಜಿನಲ್ಲಿ, ಹೆಸರು ಬೇಡ, 'ಲ್ಯಾಬ್ ತೋರಿಸಿ' ಅಂದಾಗ ಕೀ ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು. ಬಾಗಿಲು ತೆಗೆದಾಗ ಯಂತ್ರಗಳ ಮೇಲೆ ಪ್ಯಾಕಿಂಗಿನ ಪ್ಲಾಸ್ಟಿಕ್ ಹಾಗೇ ಇತ್ತು. ತೋರಿಸಿದವರಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು: "ಎಲ್ಲಾ ಹೊಸದು ಮೇಡಂ."

ಶೌಚಾಲಯಕ್ಕೆ ಹೋಗಿ ಬನ್ನಿ. ಅಮ್ಮ, ಮಗಳು ತಪ್ಪದೇ ಹೋಗಿ. ಚಿಲಕ, ನೀರು, ಕಸದ ಡಬ್ಬಿ. ಬರೀ ಎರಡು ನಿಮಿಷದ ಕೆಲಸ.

ಸೀನಿಯರ್‌ಗಳನ್ನು ಮಾತಾಡಿಸುವುದು

ಈ ಕೆಲಸ ಮಗುವಿಗೆ ಬಿಡಿ. ಅಪ್ಪ-ಅಮ್ಮ ಕ್ಯಾಂಟೀನಿನ ಇನ್ನೊಂದು ಮೇಜಿನಲ್ಲಿ ಟೀ ಕುಡಿಯುತ್ತಾ ಕೂರಲಿ. ದೊಡ್ಡವರು ಎದುರಿಗಿದ್ದರೆ ಸೀನಿಯರ್‌ಗಳು "ಚೆನ್ನಾಗಿದೆ ಅಂಕಲ್" ಬಿಟ್ಟು ಬೇರೆ ಹೇಳುವುದಿಲ್ಲ. ದೊಡ್ಡವರು ದೂರ ಕೂತ ಮೇಲೆ ಬಾಯಿ ಬಿಡುತ್ತಾರೆ. 'ಕಾಲೇಜು ಹೇಗಿದೆ' ಅಂತ ಕೇಳಬೇಡಿ, ಉತ್ತರ ಬರುವಂಥ ಪ್ರಶ್ನೆ ಕೇಳಿ. ನಿನ್ನೆ ಎಷ್ಟು ಕ್ಲಾಸು ನಡೆಯಿತು? ಈ ಸೆಮಿಸ್ಟರಿನಲ್ಲಿ ಯಾವುದಾದರೂ ವಿಷಯಕ್ಕೆ ಮಧ್ಯದಲ್ಲಿ ಮೇಷ್ಟ್ರು ಬದಲಾದರಾ? ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ವರ್ಷ ಯಾರಾದರೂ ಕೂರಿಸಿ ಹೇಳಿಕೊಡುತ್ತಾರಾ? ಪ್ರವೇಶದ ದಿನ ಹೇಳದೇ ಇದ್ದ ಯಾವ ಫೀಸನ್ನು ಆಮೇಲೆ ಕೇಳಿದರು? ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಇಬ್ಬರು ಒಟ್ಟಿಗೇ ಉತ್ತರ ಕೊಡುತ್ತಾರೆ.

ದಿನಾ ಊರಿಂದ ಓಡಾಡುವವರು ಯಾರಾದರೂ ಇದ್ದರೆ ಹುಡುಕಿ ಮಾತಾಡಿಸಿ. ಚಿತ್ರದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್. 'ದಿನಾ ಹೋಗಿ ಬರಲಿ ಬಿಡು, ಹಾಸ್ಟೆಲ್ ಖರ್ಚು ಉಳಿಯುತ್ತದೆ' ಅನ್ನುವ ಅಪ್ಪಂದಿರು ಒಂದು ಲೆಕ್ಕ ಹಾಕಬೇಕು. ವಿಟಿಯುವಿನಲ್ಲಿ 85 ಪರ್ಸೆಂಟ್ ಹಾಜರಿ ಬೇಕು. ನೂರು ಕ್ಲಾಸಿಗೆ ಹದಿನೈದು ಮಾತ್ರ ತಪ್ಪಬಹುದು. ಜ್ವರ, ಜಾತ್ರೆ, ಮದುವೆ, ತಪ್ಪಿದ ಬಸ್ಸು ಎಲ್ಲಾ ಆ ಹದಿನೈದರ ಒಳಗೇ ಮುಗಿಯಬೇಕು.

ಹೊರಡುವಾಗ ಒಬ್ಬ ಸೀನಿಯರ್ ಫೋನ್ ನಂಬರ್ ಕೇಳಿ ಇಟ್ಟುಕೊಳ್ಳಿ. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಬ್ರಾಂಚುಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ತುಂಬುವ ಹೊತ್ತಿಗೆ ಬೇಕಾಗುತ್ತದೆ.

ಪ್ಲೇಸ್‌ಮೆಂಟ್ ಫ್ಲೆಕ್ಸು

ಫ್ಲೆಕ್ಸಿನ ಮೇಲಿನ ಮುಖಗಳನ್ನು ಸರಿಯಾಗಿ ನೋಡಿ. ಒಂದು ಸಲ ನಾನು ಅದೇ ಹುಡುಗಿಯ ಫೋಟೋವನ್ನು ಮೂರು ಕಂಪನಿಯ ಹೆಸರಿನ ಕೆಳಗೆ ಕಂಡೆ. ಸುಳ್ಳಲ್ಲ, ಅವಳಿಗೆ ಮೂರು ಕಡೆ ಕೆಲಸ ಸಿಕ್ಕಿತ್ತು. ಆದರೆ ಲೆಕ್ಕದಲ್ಲಿ ಅವಳು ಮೂರು ಜನ. ಆದ್ದರಿಂದ ಎಷ್ಟು ಆಫರ್ ಬಂತು ಅಂತ ಕೇಳಬೇಡಿ. ಈ ಬ್ರಾಂಚಿನಲ್ಲಿ ಹೋದ ವರ್ಷ ಎಷ್ಟು ಜನ ಓದು ಮುಗಿಸಿದರು, ಅದರಲ್ಲಿ ಎಷ್ಟು ಜನರ ಕೈಗೆ ಕೆಲಸದ ಪತ್ರ ಬಂತು ಅಂತ ಕೇಳಿ. ಸಂಬಳದಲ್ಲೂ ಅಷ್ಟೇ. ಎಲ್ಲರಿಗಿಂತ ಜಾಸ್ತಿ ಸಿಕ್ಕವನ ಸಂಬಳ ಫ್ಲೆಕ್ಸಿಗೆ. ಸಾಲಿನ ನಡುವಿನಲ್ಲಿ ನಿಂತವನಿಗೆ ಎಷ್ಟು ಅನ್ನೋದು ನಿಮಗೆ ಬೇಕಾದ್ದು.

ಹಾಸ್ಟೆಲ್ ಅಮ್ಮನ ಇಲಾಖೆ

ಅತ್ತಿಗೆ ಇದರಲ್ಲಿ ನನಗಿಂತ ಚುರುಕು. ಊಟದ ಹೊತ್ತಿಗೇ ಹೋದಳು. ಸಾರಿನ ಪಾತ್ರೆಯಲ್ಲಿ ಸೌಟು ಆಡಿಸಿ ತಳ ನೋಡಿದಳು, ಕುಡಿಯುವ ನೀರಿನ ಫಿಲ್ಟರಿಗೆ ಸರ್ವಿಸ್ ಆದ ಚೀಟಿ ಹುಡುಕಿದಳು, ಒಂದು ರೂಮಿನಲ್ಲಿ ಎಷ್ಟು ಮಂಚ, ಎಷ್ಟು ಪ್ಲಗ್ಗು ಅಂತ ಎಣಿಸಿದಳು. ವಾರ್ಡನ್ ಮೇಡಂಗೆ ಕೇಳಿದ ಪ್ರಶ್ನೆ ಒಂದೇ: "ರಾತ್ರಿ ಎರಡು ಗಂಟೆಗೆ ಮಗೂಗೆ ಹೊಟ್ಟೆನೋವು ಬಂದ್ರೆ ಯಾರು ಎದ್ದು ಬರ್ತಾರೆ?" ಉತ್ತರ ತಕ್ಷಣ ಬಂತು, ಹೆಸರು ಸಮೇತ. ಅದು ಒಳ್ಳೆಯ ಲಕ್ಷಣ.

ಬೇಸಿಗೆಯಲ್ಲಿ ನೀರಿನ ಕಥೆ ಏನು ಅಂತ ಕೇಳಿ. ದಾವಣಗೆರೆಗೆ ಭದ್ರಾ ನಾಲೆ, ತುಂಗಭದ್ರಾ ನದಿಯ ನೀರು. ಚಿತ್ರದುರ್ಗಕ್ಕೆ ಸೂಳೆಕೆರೆ, ವಾಣಿವಿಲಾಸ ಸಾಗರದ ನೀರು. ಎರಡು ಊರಲ್ಲೂ ನಲ್ಲಿ ನೀರು ದಿನಾ ಬರುತ್ತದೆ ಅಂತ ನಂಬಿ ಕೂರಬೇಡಿ. ಹಾಸ್ಟೆಲ್‌ನಲ್ಲಿ ಬೋರ್ ಇದೆಯಾ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸುತ್ತಾರಾ? ಮೆಸ್ ಬಿಲ್ ತಿಂಗಳಿಗೆ ಇಷ್ಟೇ ಅಂತ ಇದೆಯೋ, ಆದ ಖರ್ಚನ್ನು ಹಂಚುವುದೋ? ಹಂಚುವುದಾದರೆ ಕಳೆದ ಮೂರು ತಿಂಗಳ ಬಿಲ್ ತೋರಿಸಲು ಹೇಳಿ.

ಖರ್ಚು ಭಾರ ಎನ್ನುವವರಿಗೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿವೆ, ಅರ್ಜಿ ಆನ್‌ಲೈನ್. ಅಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ-ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಊರಿನಲ್ಲಿ ಮಠ, ಸಮಾಜಗಳು ನಡೆಸುವ ಹಾಸ್ಟೆಲ್‌ಗಳೂ ಇವೆ. ಬಂದ ದಿನವೇ ಒಂದಾದರೂ ನೋಡಿ ಹೋಗಿ.

ರ‍್ಯಾಗಿಂಗ್ ಬಗ್ಗೆ ಕೇಳಲು ನಾಚಿಕೆ ಬೇಡ. ಪ್ರವೇಶದ ಹೊತ್ತಿಗೆ ವಿದ್ಯಾರ್ಥಿ, ಪೋಷಕರು ಇಬ್ಬರೂ ರ‍್ಯಾಗಿಂಗ್ ವಿರುದ್ಧ ಪ್ರಮಾಣಪತ್ರ ಕೊಡಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522. ಮಗುವಿನ ಫೋನಿನಲ್ಲಿ ಈಗಲೇ ಸೇವ್ ಮಾಡಿಸಿ.

ಆಫೀಸು ಕೊನೆಗೆ, ಜೇಬಿಗೆ ಕೈ ಹಾಕದೇ

ಇದು ನನ್ನ ಕ್ಷೇತ್ರ, ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಥರದ ಫೀಸು ಕಟ್ಟಿರುತ್ತಾರೆ. ಸಿಇಟಿ ನಡೆಸುವ ಕೆಇಎ ಕೊಡುವ ಸೀಟು, ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಿಂದ ಸಿಗುವ ಕಾಮೆಡ್‌ಕೆ ಸೀಟು, ಕಾಲೇಜೇ ನೇರವಾಗಿ ಕೊಡುವ ಮ್ಯಾನೇಜ್‌ಮೆಂಟ್ ಸೀಟು. 'ಫೀಸು ಎಷ್ಟು' ಅಂತ ಕೇಳಿದರೆ ಯಾವುದರದ್ದನ್ನೋ ಹೇಳುತ್ತಾರೆ. 'ಕೆಇಎ ಮೂಲಕ, ಈ ವರ್ಗದಲ್ಲಿ ಬಂದರೆ ಎಷ್ಟು' ಅಂತ ಕೇಳಿ. ಸರ್ಕಾರಿ ಕಾಲೇಜು ಅಂದ ಮಾತ್ರಕ್ಕೆ ಎಲ್ಲಾ ಸೀಟಿಗೂ ಒಂದೇ ಫೀಸು ಅಂದುಕೊಳ್ಳಬೇಡಿ, ಅಲ್ಲೂ ಕೇಳಿ. ಮನೆಯ ವರಮಾನ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಇದ್ದರೆ ಎಸ್‌ಎನ್‌ಕ್ಯೂ, ಅಂದರೆ ಸೂಪರ್‌ನ್ಯೂಮರರಿ ಕೋಟಾ ಸೀಟಿನ ಬಗ್ಗೆ ವಿಚಾರಿಸಿ. ಮಂಜೂರಾದ ಸೀಟಿನ ಮೇಲೆ ಇನ್ನೂ 5 ಪರ್ಸೆಂಟ್ ಹಾಗೆ ಇರುತ್ತವೆ, ಟ್ಯೂಷನ್ ಫೀ ಮಾಫಿ. ಉಳಿದ ಫೀಸು ಕಟ್ಟಬೇಕು.

ಒಂದು ಹಾಳೆ ತೆಗೆದುಕೊಂಡು ನಾಲ್ಕು ಕಾಲಂ ಗೀಚಿ, ವರ್ಷಕ್ಕೊಂದು. ಟ್ಯೂಷನ್ ಫೀ, ವಿಶ್ವವಿದ್ಯಾಲಯದ ಫೀಸು, ಟ್ರೇನಿಂಗ್ ಅಂತ ಕೇಳುವುದು, ಬಸ್ಸು, ಹಾಸ್ಟೆಲ್, ಡಿಪಾಸಿಟ್, ಯೂನಿಫಾರ್ಮು. ಅವರ ಮುಂದೆಯೇ ತುಂಬಿಸಿ. ಪೆನ್ನು ಕೈಯಲ್ಲಿ ಇದ್ದರೆ ಉತ್ತರ ಕೊಡುವವರೂ ಹುಷಾರಾಗಿ ಕೊಡುತ್ತಾರೆ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನ ಸ್ಕಾಲರ್‌ಶಿಪ್ ಬರುವುದಿದ್ದರೆ ಮೊದಲು ಪೂರ್ತಿ ಕಟ್ಟಿ ಆಮೇಲೆ ವಾಪಸ್ ಪಡೆಯಬೇಕೋ, ಕಳೆದು ಕಟ್ಟಬಹುದೋ ಅಂತಲೂ ಬರೆದುಕೊಳ್ಳಿ.

ಆ ದಿನ ಒಂದು ರೂಪಾಯಿಯನ್ನೂ ಕೊಡಬೇಡಿ. 'ಎರಡೇ ಸೀಟು ಉಳಿದಿದೆ, ಅಡ್ವಾನ್ಸ್ ಹಾಕಿ' ಅನ್ನೋದನ್ನು ನಾನೂ ನಂಬಿದ್ದೆ. ನನ್ನ ಮೈದುನನಿಗೆ ಅಂತ ಒಂದು ಕಾಲೇಜಿನಲ್ಲಿ ಇಪ್ಪತ್ತು ಸಾವಿರ ಕಟ್ಟಿದೆವು. ಕೊಟ್ಟಿದ್ದು ನಂಬರಿಲ್ಲದ ಬಿಳಿ ಚೀಟಿ. ದಿನಾ ರಸೀದಿ ತಿದ್ದುವ ನಾನು ಅದನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ! ಸಿಇಟಿಯಲ್ಲಿ ಅವನಿಗೆ ಬೇರೆ ಕಡೆ ಸೀಟು ಸಿಕ್ಕಿತು. ಆ ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು, ಒಂಬತ್ತು ಸಲ ಓಡಾಟ. ಎಐಸಿಟಿಇ ನಿಯಮದ ಪ್ರಕಾರ ಕೋರ್ಸು ಶುರುವಾಗುವ ಮೊದಲೇ ಬಿಟ್ಟರೆ 1000 ರೂಪಾಯಿಗಿಂತ ಜಾಸ್ತಿ ಹಿಡಿಯುವಂತಿಲ್ಲ, ಒರಿಜಿನಲ್ ಸರ್ಟಿಫಿಕೇಟನ್ನೂ ಇಟ್ಟುಕೊಳ್ಳುವಂತಿಲ್ಲ. ಕೆಇಎ ಮೂಲಕ ಪಡೆದ ಸೀಟು ಬಿಡುವುದಕ್ಕೆ ಕೆಇಎಯದೇ ನಿಯಮ ಇದೆ, ಅದನ್ನು ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಓದಿಕೊಳ್ಳಿ.

ದೋಸೆ ಮುಂದೆ ಇಟ್ಟುಕೊಂಡು

ನೆಂಟರ ಮನೆಗೆ ಹೋಗುವ ಮುಂಚೆ ಮೂವರೇ ಎಲ್ಲಾದರೂ ಕೂತು ಬೆಣ್ಣೆ ದೋಸೆ ತಿನ್ನಿ. ನಮ್ಮಂಥವರ ಮನೆಗೆ ಬಂದರೆ ಪಕ್ಕದ ಮನೆಯವರೂ ಸೇರಿ ಸಲಹೆ ಕೊಡುತ್ತಾರೆ, ನೀವು ಕಂಡದ್ದು ಮರೆತುಹೋಗುತ್ತದೆ. ಮೊದಲು ಮಗು ಮಾತಾಡಲಿ. ಆಮೇಲೆ ಅಮ್ಮ. ಅಪ್ಪ ಕೊನೆಗೆ, ಅಷ್ಟು ಹೊತ್ತು ಅವರ ಬಾಯಲ್ಲಿ ದೋಸೆ ಇರಲಿ. ಒಂದೊಂದು ಕಾಲೇಜಿಗೂ ಹಿಡಿಸಿದ್ದು ಎರಡು, ಹಿಡಿಸದ್ದು ಎರಡು ಬರೆದು, ಪಕ್ಕದಲ್ಲಿ ಕೆಇಎಯ ಕಾಲೇಜ್ ಕೋಡ್ ಬರೆದಿಡಿ. ಹೆಸರುಗಳು ಒಂದರ ಹಾಗೇ ಒಂದಿರುತ್ತವೆ, ಕೋಡ್ ತಪ್ಪಿದರೆ ಸೀಟೇ ಬೇರೆ ಊರಿಗೆ.

ಆಪ್ಷನ್ ಎಂಟ್ರಿಯಲ್ಲಿ ಕ್ರಮವೇ ಎಲ್ಲಾ. ಮೊದಲು ಬರೆದದ್ದು ಸಿಕ್ಕರೆ ಕೆಳಗಿನದನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ನಿಜವಾಗಿ ಬೇಕಾದ್ದನ್ನೇ ಮೇಲೆ ಹಾಕಿ, 'ಸಿಗಲ್ಲ ಬಿಡು' ಅಂತ ಕೆಳಗೆ ತಳ್ಳಬೇಡಿ. ಅಣಕು ಸೀಟು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ. ಆ ಸೀನಿಯರ್‌ಗೆ ಫೋನ್ ಮಾಡಬೇಕಾದ್ದು ಆಗ.

ಅಣ್ಣ ಆವತ್ತು ಸಂಜೆ ಬಸ್ ಹತ್ತುವವರೆಗೂ ಏನೂ ಹೇಳಲಿಲ್ಲ. ಸಿವಿಲ್ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆಪ್ಷನ್ ಎಂಟ್ರಿ ಶುರುವಾದ ದಿನ ಸೈಬರ್ ಸೆಂಟರಿನಿಂದ ಫೋನ್ ಬಂತು. ಹಿಂದೆ ಬಹಳ ಗಲಾಟೆ, ಅವನು ಕಿರುಚಿಯೇ ಮಾತಾಡಬೇಕಾಯಿತು.

"ಏನಮ್ಮಾ, ಆ ಕ್ಯೂಬು ನೆನೆಸಿದ್ರಲ್ಲ, ಆ ಕಾಲೇಜಿನ ಕೋಡ್ ಎಷ್ಟು?"